ಹಾಡು ನಿಮ್ಮದು, ಪಹಣಿಯೂ ನಿಮ್ಮ ಹೆಸರಲ್ಲೇ ಇರಲಿ

ಪ್ರಶ್ನೆ: ನನಗೆ 27 ವರ್ಷ. ಹಾವೇರಿ ಜಿಲ್ಲೆಯವಳು, ಹುಬ್ಬಳ್ಳಿಯಲ್ಲಿ ಖಾಸಗಿ ನೌಕರಿ. ಹಾಡು ನಾನೇ ಬರೆದು, ನಾನೇ ಧಾಟಿ ಹಾಕಿ, ಗಿಟಾರ್ ಹಿಡಿದು ಹಾಡುತ್ತೇನೆ. ಇಲ್ಲಿವರೆಗೆ 14 ಹಾಡು ಆಗಿವೆ. ಮೂರನ್ನು ಯೂಟ್ಯೂಬ್‌ಗೆ ಹಾಕಿದ್ದೇನೆ. ಬ್ಯಾಡಗಿಯ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮೇಲೆ ಬರೆದದ್ದನ್ನು 40 ಸಾವಿರ ಜನ ನೋಡಿದ್ದಾರೆ. ಈಗ ಬೆಂಗಳೂರಿನ ಒಂದು ಆಡಿಯೋ ಕಂಪನಿಯವರು ಆ ಮೂರೂ ಸೇರಿ ಐದು ಹಾಡಿಗೆ 60 ಸಾವಿರ ರೂಪಾಯಿ ಕೊಡುತ್ತೇವೆ, ರೆಕಾರ್ಡಿಂಗ್ ಖರ್ಚು ನಮ್ಮದು, ಬೇಗ ಸಹಿ ಮಾಡಿ ಅನ್ನುತ್ತಿದ್ದಾರೆ. ಭಾಷೆಯನ್ನು ಸ್ವಲ್ಪ ‘ಬೆಂಗಳೂರು ಕನ್ನಡ’ ಮಾಡಿಕೊಳ್ಳಿ ಎಂದೂ ಹೇಳಿದರು. ಶರೀಫರ ಒಂದು ತತ್ವಪದ, ಬೇಂದ್ರೆಯವರ ಒಂದು ಕವಿತೆಯನ್ನು ನನ್ನದೇ ಧಾಟಿಯಲ್ಲಿ ಹಾಡಿಟ್ಟುಕೊಂಡಿದ್ದೇನೆ, ಅವನ್ನು ಹಾಕಬಹುದೇ? ನೌಕರಿ ಬಿಟ್ಟು ಇದನ್ನೇ ಹಿಡಿಯಬೇಕೆಂಬ ಆಸೆ. ಅಪ್ಪನಿಗೆ ಒಪ್ಪಿಗೆಯಿಲ್ಲ. ಏನು ಮಾಡಲಿ?

ಉತ್ತರ: ಮೂರೂ ಹಾಡು ಕೇಳಿದೆ. ಮೆಣಸಿನಕಾಯಿಯ ಹಾಡನ್ನು ನಾಲ್ಕು ಸಲ ಕೇಳಿದೆ. ಘಾಟಿಗೆ ಕೆಮ್ಮುತ್ತಲೇ ಮಗುವಿಗೆ ಜೋಗುಳ ಹಾಡುವ ಆ ಎರಡನೇ ಚರಣ ಬರೆಯಲು ಅಲ್ಲಿ ಕೂತು ನೋಡಿದವರಿಗೆ ಮಾತ್ರ ಸಾಧ್ಯ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ಈ ವಾರ ಎಲ್ಲಿಯೂ ಸಹಿ ಹಾಕಬೇಡಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. 1999ರಲ್ಲಿ ನನಗೂ ನಿಮ್ಮಷ್ಟೇ ವಯಸ್ಸು. ಕ್ಯಾಸೆಟ್ ಕಾಲ. ನಾನು ಬರೆದು ರಾಗ ಹಾಕಿದ ಎಂಟು ಹಾಡುಗಳನ್ನು ಒಂದು ಕಂಪನಿ ಹದಿನೈದು ಸಾವಿರಕ್ಕೆ ತೆಗೆದುಕೊಂಡಿತು. ಕ್ಯಾಸೆಟ್ ಮೇಲೆ ಹೆಸರು ಬರುತ್ತದೆ ಎಂಬ ಸಂಭ್ರಮದಲ್ಲಿ ನಾಲ್ಕು ಪುಟದ ಕರಾರನ್ನು ಓದದೆ ಸಹಿ ಹಾಕಿದೆ. ‘ಶಾಶ್ವತವಾಗಿ, ವಿಶ್ವದಾದ್ಯಂತ, ಈಗಿರುವ ಹಾಗೂ ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ’ ಎಂಬ ಸಾಲು ಅದರಲ್ಲಿತ್ತು. ಎರಡು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ಅದೇ ಹಾಡೊಂದನ್ನು ಬರೀ ಹಾರ್ಮೋನಿಯಂ ಇಟ್ಟುಕೊಂಡು ಹಾಡಿದೆ. ವಿದ್ಯಾರ್ಥಿಗಳು ವಿಡಿಯೋ ಹಾಕಿದರು. ಮೂರನೇ ದಿನಕ್ಕೆ ಅದರ ಮೇಲೆ ಹಕ್ಕುದಾರರ ಕ್ಲೇಮ್ ಬಂತು. ಹಕ್ಕುದಾರ ನಾನಾಗಿರಲಿಲ್ಲ. ಆ ಕ್ಯಾಸೆಟ್ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಹಾಡುಗಳು ಕೈಯಿಂದ ಕೈಗೆ ಮಾರಾಟವಾಗುತ್ತಾ ಇನ್ನೊಬ್ಬರ ಬಳಿ ಹೋಗಿವೆ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನಿಮ್ಮ ಆಸ್ತಿ ಏನೆಂದು ನೋಡೋಣ. ಒಂದು ಹಾಡಿನಲ್ಲಿ ಕಾನೂನಿನ ಕಣ್ಣಿಗೆ ಮೂರು ಬೇರೆ ಬೇರೆ ಸ್ವತ್ತುಗಳಿವೆ: ಸಾಹಿತ್ಯ, ಧಾಟಿ, ಧ್ವನಿಮುದ್ರಣ. ಬರೆದವರು ಸಾಹಿತ್ಯದ ಒಡೆಯರು, ರಾಗ ಹಾಕಿದವರು ಧಾಟಿಯ ಒಡೆಯರು. ಧ್ವನಿಮುದ್ರಣದ ಒಡೆತನ ಮಾತ್ರ ಹಾಡಿದವರಿಗೆ ತಾನಾಗಿ ಬರುವುದಿಲ್ಲ, ಅದನ್ನು ಮಾಡಿಸುವ ಹೊಣೆ ಹೊತ್ತ ನಿರ್ಮಾಪಕರದ್ದಾಗುತ್ತದೆ. ಹೊಲದ ಮಾತಿನಲ್ಲಿ ಹೇಳುವುದಾದರೆ, ಸಾಹಿತ್ಯ ಮತ್ತು ಧಾಟಿ ಎರಡೂ ಜಮೀನು, ಧ್ವನಿಮುದ್ರಣ ಅದರ ಮೇಲೆ ಕಟ್ಟಿದ ಮನೆ. ಮನೆ ಕಟ್ಟಲು ಕಂಪನಿ ದುಡ್ಡು ಹಾಕಿದರೆ ಮನೆ ಅವರದ್ದು ಎನ್ನಲಿ, ಅದು ನ್ಯಾಯವೇ. ಆದರೆ ಕಟ್ಟಡದ ಖರ್ಚು ತೋರಿಸಿ ಪಹಣಿಯಲ್ಲಿ ತಮ್ಮ ಹೆಸರು ಸೇರಿಸಿಕೊಳ್ಳುವುದು ಬೇರೆ ಮಾತು. ನಿಮಗೆ ಬರುವ ಕರಾರಿನಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಸುತ್ತಿ ಇಟ್ಟಿರುವ ಸಾಧ್ಯತೆ ಬಹಳ.

ನಿಮ್ಮ ಕಡೆ ಹೊಲವನ್ನು ಲಾವಣಿಗೆ, ಅಂದರೆ ಇಂತಿಷ್ಟು ವರ್ಷದ ಗುತ್ತಿಗೆಗೆ, ಕೊಡುತ್ತಾರಲ್ಲ, ಕಂಪನಿಯನ್ನು ಅದನ್ನೇ ಕೇಳಿ. ಇಷ್ಟು ವರ್ಷ, ಈ ಐದೇ ಹಾಡು, ಈ ಧ್ವನಿಮುದ್ರಣಗಳು ಮಾತ್ರ, ಅವಧಿ ಮುಗಿದ ಮೇಲೆ ಎಲ್ಲವೂ ವಾಪಸ್. ಮೂರು ವರ್ಷ ಒಳ್ಳೆಯದು, ಐದು ವರ್ಷದ ತನಕ ಒಪ್ಪಬಹುದು. ಅವಧಿಯನ್ನೇ ಬರೆಯದ ಕರಾರಿಗೆ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಐದು ವರ್ಷ ಎಂದು ಮಿತಿ ಹಾಕುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಆದರೆ ಕಂಪನಿಯ ವಕೀಲರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವರು ಬರೆಯದೆ ಬಿಡುವುದಿಲ್ಲ, ‘ಶಾಶ್ವತ’ ಎಂದೇ ಬರೆಯುತ್ತಾರೆ. ಹಕ್ಕು ತೆಗೆದುಕೊಂಡು ಒಂದು ವರ್ಷದೊಳಗೆ ಬಳಸದಿದ್ದರೆ ಅದು ನಿಮಗೆ ಮರಳುತ್ತದೆ ಎಂದೂ ಕಾಯ್ದೆಯಲ್ಲಿದೆ, ಕರಾರು ಬೇರೆ ಹೇಳದಿದ್ದರೆ. ಆ ‘ಬೇರೆ’ ಎಲ್ಲಿ ಹೇಳಿದೆ ಎಂದು ಕೊನೆಯ ಪುಟಗಳಲ್ಲಿ ಹುಡುಕಿ. ಹೊಸ ಹಾಡುಗಾರರ ಹಾಡು ಕೊಂಡು ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಪ್ರಸಂಗಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ದೊಡ್ಡ ಬಲ ಬಂದದ್ದು ಆಗ. ಹಕ್ಕನ್ನು ನೀವು ಬರೆದುಕೊಟ್ಟರೂ ಸಾಹಿತ್ಯ ಮತ್ತು ಧಾಟಿಯ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಇಲ್ಲವೇ ನೋಂದಾಯಿತ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ‘ಯಾವುದೇ ರಾಯಲ್ಟಿ ಕೇಳುವುದಿಲ್ಲ’ ಎಂಬ ಸಾಲು ಕರಾರಿನಲ್ಲಿದ್ದರೆ ಅದು ಕಾಯ್ದೆಗೆ ವಿರುದ್ಧವಾದದ್ದು. ನಾನು ಸಹಿ ಹಾಕಿದ ಕಾಲಕ್ಕೆ ಇದು ಇರಲಿಲ್ಲ. ನಿಮಗಿದೆ, ಬಳಸಿಕೊಳ್ಳಿ.

‘ರೆಕಾರ್ಡಿಂಗ್ ಖರ್ಚು ನಮ್ಮದು’ ಎಂಬ ಮಾತನ್ನು ಬಿಡಿಸಿ ಕೇಳಿ. ಅದು ನಿಜವಾಗಿಯೂ ಅವರ ಖರ್ಚೇ, ಅಥವಾ ನಿಮ್ಮ ಪಾಲಿನಿಂದ ಮೊದಲು ವಸೂಲು ಮಾಡಿಕೊಂಡು ಉಳಿದದ್ದನ್ನು ಕೊಡುವುದೇ? ಎರಡನೆಯದಾದರೆ ಖರ್ಚು ಮಾಡುವವರು ಅವರು, ಭರಿಸುವವರು ನೀವು. ಎಷ್ಟು ಖರ್ಚೆಂದು ತೀರ್ಮಾನಿಸುವವರೂ ಅವರೇ. 60 ಸಾವಿರವನ್ನು ಐದರಿಂದ ಭಾಗಿಸಿದರೆ ಹಾಡಿಗೆ 12 ಸಾವಿರ. ಸಾಹಿತ್ಯ, ಧಾಟಿ, ಗಾಯನ, ಮೂರೂ ಸೇರಿ. ಸಾಹಿತ್ಯ ಮತ್ತು ಧಾಟಿಯ ಮೇಲಿನ ನಿಮ್ಮ ಹಕ್ಕು ನಿಮ್ಮ ಜೀವಮಾನ ಪೂರ್ತಿ ಮತ್ತು ನಂತರ 60 ವರ್ಷ ಇರುತ್ತದೆ. ಅದನ್ನೆಲ್ಲ ಈ ಬೆಲೆಗೆ ಕ್ರಯ ಮಾಡಿಕೊಡುವುದು ಬೇಡ. ಲಾವಣಿಗೆ 60 ಸಾವಿರ ಮುಂಗಡ, ಆರು ತಿಂಗಳಿಗೊಮ್ಮೆ ಲೆಕ್ಕ, ನಿಮ್ಮ ಪಾಲು ಶೇಕಡಾವಾರು ಇಷ್ಟೆಂದು ಬರಹದಲ್ಲಿ. ಈ ಹಾಡುಗಳನ್ನು ವೇದಿಕೆಯ ಮೇಲೆ, ನಿಮ್ಮ ಚಾನೆಲ್‌ನಲ್ಲಿ ಗಿಟಾರ್ ಜೊತೆ ಯಾವಾಗ ಬೇಕಾದರೂ ಹಾಡುವ ಸ್ವಾತಂತ್ರ್ಯವೂ ಬರಹದಲ್ಲೇ ಇರಲಿ. ‘ಮುಂದಿನ ಹಾಡುಗಳ ಮೇಲೆ ಮೊದಲ ಹಕ್ಕು’ ಎಂಬ ಸಾಲು ಕಂಡರೆ ಹೊಡೆದುಹಾಕಿಸಿ. ಕೃತಿಸ್ವಾಮ್ಯ ಗೊತ್ತಿರುವ ವಕೀಲರಿಗೆ ಕರಡು ತೋರಿಸಿ, ಅವರ ಫೀಸು ಕೊಡಿ. ಆ ಕೆಲಸಕ್ಕೆ ಸಂಬಂಧಿಕರಲ್ಲಿ ಸಿವಿಲ್ ಕೇಸು ನಡೆಸುವವರು ಸಾಲದು.

ನನ್ನನ್ನು ಕೇಳಿದರೆ, ಮೆಣಸಿನಕಾಯಿಯ ಹಾಡನ್ನು ಲಾವಣಿಗೂ ಕೊಡಬೇಡಿ. ಜನ ನಿಮ್ಮನ್ನು ಗುರುತಿಸುತ್ತಿರುವುದು ಅದರಿಂದ. ಕಂಪನಿಯವರಿಗೆ ಉಳಿದವುಗಳಲ್ಲಿ ಆಸಕ್ತಿ ಇದೆಯೋ ಇಲ್ಲವೋ ಎಂಬುದೂ ಆಗ ಗೊತ್ತಾಗುತ್ತದೆ.

ಭಾಷೆಯ ಬಗ್ಗೆ ಅವರು ಹೇಳಿದ್ದು ನನಗೆ ಬೇಸರ ತರಿಸಿತು. ಉತ್ತರ ಕರ್ನಾಟಕದ ಜಾನಪದ ಹಾಡುಗಾರರನ್ನು ನೋಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳ ಹುಡುಗರು ತಮ್ಮ ಮಾತಿನಲ್ಲೇ ಹಾಡಿ, ಯೂಟ್ಯೂಬ್‌ಗೆ ಹಾಕಿ, ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ರಾತ್ರಿಯಿಡೀ ಹಾಡಿ ಸಂಸಾರ ನಡೆಸುತ್ತಿದ್ದಾರೆ. ಅವರು ಯಾರೂ ಭಾಷೆ ತಿದ್ದಿಸಿಕೊಳ್ಳಲು ಬೆಂಗಳೂರಿಗೆ ಬಂದವರಲ್ಲ. ರಘು ದೀಕ್ಷಿತ್ ವರ್ಷಗಟ್ಟಲೆ ವೇದಿಕೆಗಳಲ್ಲಿ ಹಾಡಿದ ಮೇಲೆ 2008ರಲ್ಲಿ ಮೊದಲ ಆಲ್ಬಂ ತಂದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅವರ ಜೊತೆ ಅಲ್ಲಿಯವರೆಗೆ ಹೋದದ್ದು ನಿಮ್ಮ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಪದಗಳು. ನಿಮ್ಮ ‘ಯವ್ವಾ’ ಹಾಗೆಯೇ ಇರಲಿ.

ಶರೀಫರ ಪ್ರಶ್ನೆಗೆ ಬಂದರೆ, ಅವರು ತೀರಿಕೊಂಡದ್ದು 1889ರಲ್ಲಿ. ಪದಗಳು ಎಲ್ಲರ ಸ್ವತ್ತು. ಹಾಡಿ, ಹಾಕಿ, ಯಾರನ್ನೂ ಕೇಳಬೇಕಿಲ್ಲ. ಒಂದೇ ಎಚ್ಚರಿಕೆ: ಧಾಟಿ ನಿಜವಾಗಿಯೂ ನಿಮ್ಮದೇ ಆಗಿರಬೇಕು. ಶರೀಫರ ಹಲವು ಪದಗಳನ್ನು ನಾವು ಕೇಳಿ ಬೆಳೆದದ್ದು ಸಿ. ಅಶ್ವಥ್ ಅವರ ಸಂಯೋಜನೆಯಲ್ಲಿ. ಪದ ಹಳೆಯದಾದರೂ ಆ ಸಂಯೋಜನೆಗಳು ಹೊಸವು. ಅಶ್ವಥ್ ತೀರಿಕೊಂಡದ್ದು 2009ರಲ್ಲಿ, ಆದ್ದರಿಂದ ಆ ಧಾಟಿಗಳ ಮೇಲಿನ ಹಕ್ಕು 2069ರ ಕೊನೆಯವರೆಗೂ ಜೀವಂತ. ಬಾಲ್ಯದಿಂದ ಕಿವಿಯಲ್ಲಿ ಕೂತದ್ದು ನಮಗೆ ಗೊತ್ತಿಲ್ಲದೆ ಕೈಗೆ ಇಳಿಯುತ್ತದೆ. ನಿಮ್ಮ ಧಾಟಿಯನ್ನು ಸಂಗೀತ ಬಲ್ಲ ಇಬ್ಬರಿಗೆ ಹಾಡಿ ತೋರಿಸಿ, ಎಲ್ಲಾದರೂ ಕೇಳಿದ ಹಾಗಿದೆಯೇ ಎಂದು ಕೇಳಿ.

ಬೇಂದ್ರೆ 1981ರಲ್ಲಿ ತೀರಿಕೊಂಡರು. 60 ವರ್ಷ ಲೆಕ್ಕ ಹಾಕಿದರೆ 2041ರ ಡಿಸೆಂಬರ್ ತನಕ ಅವರ ಕವಿತೆಗಳು ವಾರಸುದಾರರ ಹಕ್ಕಿನಲ್ಲಿವೆ. ಅನುಮತಿ ಬೇಕು, ಬರಹದಲ್ಲಿ ಬೇಕು. ಹುಬ್ಬಳ್ಳಿಯಲ್ಲಿದ್ದು ಇದಕ್ಕೆ ಹಿಂಜರಿಯಬೇಡಿ. ಚಿಗರಿ ಬಸ್ ಹತ್ತಿದರೆ ಧಾರವಾಡ, ಅಲ್ಲಿಂದ ಬೇಂದ್ರೆಯವರ ಮನೆಯಿರುವ ಸಾಧನಕೇರಿ ಎಷ್ಟು ದೂರ? ಹೋಗಿ ವಿಚಾರಿಸಿ, ಹಾಡಿನ ಧ್ವನಿಮುದ್ರಣ ಕೇಳಿಸಿ, ಯಾವ ಬಳಕೆಗೆ ಎಂದು ಸ್ಪಷ್ಟವಾಗಿ ಪತ್ರ ಬರೆದುಕೊಡಿ. ಹಳೆಯ ಕವಿಗಳೇ ಬೇಕೆಂದರೆ 1963ರಲ್ಲಿ ತೀರಿಕೊಂಡ ಗೋವಿಂದ ಪೈಯವರ ಕಾವ್ಯ 2024ರ ಜನವರಿಯಿಂದ ಮುಕ್ತವಾಗಿದೆ, ಪಂಜೆ ಮಂಗೇಶರಾಯರದು ಅದಕ್ಕೂ ಬಹಳ ಮೊದಲೇ. ಪಂಜೆಯವರ ಮಕ್ಕಳ ಪದ್ಯಗಳನ್ನು ನಿಮ್ಮ ಕಂಠದಲ್ಲಿ ಕೇಳುವ ಆಸೆ ನನಗಿದೆ.

ಕಂಪನಿ ಒಪ್ಪಲಿಲ್ಲ ಎಂದಿಟ್ಟುಕೊಳ್ಳಿ. ಆಗ ನೀವೇ ಬಿಡುಗಡೆ ಮಾಡುವುದು, ಅದು ಹೆದರುವಂಥದ್ದೇನಲ್ಲ. ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗಳಿಗೆ ಹಾಡು ತಲುಪಿಸುವ ವಿತರಣಾ ಸಂಸ್ಥೆಗಳಿವೆ: ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಮುಂತಾದವು. ಕೆಲವು ವರ್ಷಕ್ಕಿಷ್ಟು ಚಂದಾ ತೆಗೆದುಕೊಳ್ಳುತ್ತವೆ, ಕೆಲವು ಒಂದೇ ಸಲ ಶುಲ್ಕ ಪಡೆದು ಆದಾಯದಲ್ಲಿ ಪಾಲು ಹಿಡಿಯುತ್ತವೆ. ಚಂದಾ ಪದ್ಧತಿಯಲ್ಲಿ ಕಟ್ಟುವುದು ನಿಲ್ಲಿಸಿದರೆ ಹಾಡು ಮಾಯವಾಗಬಹುದು, ಅದನ್ನು ಮೊದಲೇ ಓದಿಕೊಳ್ಳಿ. ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಅದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದೆ ವಿತರಕರನ್ನು ಬದಲಿಸಿದರೂ ಅದೇ ಗುರುತು ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಯುತ್ತದೆ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಸಾಹಿತ್ಯ, ಸಂಗೀತ ಎಂಬಲ್ಲಿ ನಿಮ್ಮ ಪೂರ್ಣ ಹೆಸರು ತುಂಬಿ. ಎಷ್ಟೋ ಜನ ಆ ಜಾಗವನ್ನು ಖಾಲಿ ಬಿಡುತ್ತಾರೆ.

ಸ್ಪಾಟಿಫೈನ ಸಂಪಾದಕರು ಮಾಡುವ ಪಟ್ಟಿಗಳಿಗೆ ಹಾಡು ಸೂಚಿಸಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಕಳಿಸಿರಬೇಕು. ನಾನು ನಾಲ್ಕು ವಾರ ಮೊದಲೇ ಕಳಿಸಿ ಎನ್ನುತ್ತೇನೆ. ದುಡ್ಡಿನ ಆಸೆ ಅಲ್ಲಿ ಬೇಡ. 2024ರಿಂದ ಅಲ್ಲಿ 12 ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳದ ಹಾಡಿನ ಧ್ವನಿಮುದ್ರಣಕ್ಕೆ ಹಣವೇ ಇಲ್ಲ, ದಾಟಿದರೂ ಸಿಗುವುದು ಪೈಸೆ ಲೆಕ್ಕದಲ್ಲಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬರಬೇಕೆಂದರೆ ಒಂದು ಸಾವಿರ ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು. ಹಣ ಬರತೊಡಗಿದ ಮೇಲೆ ಅಮೆರಿಕದ ತೆರಿಗೆ ನಮೂನೆ ಒಂದಿದೆ, ಡಬ್ಲ್ಯು-8ಬೆನ್ ಅಂತ. ಅಲ್ಲಿನ ಕನ್ನಡಿಗರು ಕೇಳಿದ್ದರಿಂದ ಬರುವ ಹಣಕ್ಕೆ ಭಾರತದ ಜೊತೆಗಿನ ಒಪ್ಪಂದದಂತೆ ಶೇ 15 ಕಡಿತ. ನಮೂನೆ ತುಂಬದಿದ್ದರೆ ಯೂಟ್ಯೂಬ್‌ನಂಥ ಕಡೆ ಎಲ್ಲ ದೇಶಗಳ ಗಳಿಕೆಯ ಮೇಲೂ ಹೆಚ್ಚು ಕಡಿತವಾಗಬಹುದು.

ಸಾಹಿತ್ಯ ಮತ್ತು ಧಾಟಿಯ ರಾಯಲ್ಟಿ ಇದಕ್ಕಿಂತ ಬೇರೆ ದಾರಿಯಲ್ಲಿ ಬರುತ್ತದೆ. ಅದನ್ನು ವಸೂಲು ಮಾಡುವ ಸಂಘ ಐಪಿಆರ್‌ಎಸ್. 1969ರಲ್ಲಿ ಶುರುವಾದದ್ದು, 2017ರಲ್ಲಿ ಮತ್ತೆ ಕೃತಿಸ್ವಾಮ್ಯ ಸಂಘವಾಗಿ ನೋಂದಣಿ ಪಡೆಯಿತು. ಕವಿ ಮತ್ತು ಸಂಯೋಜಕಿ ಎರಡೂ ಆಗಿ ಸದಸ್ಯರಾಗಿ. ಹಾಡುಗಳನ್ನು ಅಲ್ಲಿ ನಮೂದಿಸದೆ ಸುಮ್ಮನೆ ಸದಸ್ಯತ್ವ ಪಡೆದರೆ ಉಪಯೋಗವಿಲ್ಲ. ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದ ಗಳಿಗೆಯಲ್ಲೇ ಹಕ್ಕೂ ಹುಟ್ಟಿರುತ್ತದೆ. ಆದರೆ ತಕರಾರು ಬಂದಾಗ ಕಾಗದ ಮಾತಾಡುತ್ತದೆ. ಸಾಹಿತ್ಯ ಅಥವಾ ಸಂಗೀತ ಕೃತಿಗೆ ಶುಲ್ಕ 500 ರೂಪಾಯಿ. ಹದಿನಾಲ್ಕಕ್ಕೂ ಮಾಡಿಸಬೇಕಿಲ್ಲ, ಮೆಣಸಿನಕಾಯಿಯ ಹಾಡಿಗೆ ಮಾಡಿಸಿ.

ಧ್ವನಿಮುದ್ರಣಕ್ಕೆ ದೊಡ್ಡ ಸ್ಟುಡಿಯೋ ಬೇಕೆಂಬ ಭಯ ಬೇಡ. ನಿಮ್ಮ ಹಾಡಿನಲ್ಲಿರುವುದು ಕಂಠ, ಗಿಟಾರ್, ಮಾತು. ಕಂಪ್ಯೂಟರಿನಲ್ಲಿ ವಾದ್ಯಗಳನ್ನು ಕೂಡಿಸುವ ಪ್ರೋಗ್ರಾಮಿಂಗ್‌ನವರ ಕೈಗೆ ಕೊಟ್ಟರೆ ಮೊದಲ ವಾರವೇ ಅದಕ್ಕೆ ಡ್ರಮ್ಸ್, ಸ್ಟ್ರಿಂಗ್ಸ್ ಎಲ್ಲ ಸೇರಿ ಆ ಕೆಮ್ಮು, ಆ ಜೋಗುಳ ಎರಡೂ ಕೇಳದ ಹಾಗೆ ಆಗುತ್ತದೆ. ಮನೆಯ ಕೋಣೆಯಲ್ಲಿ ಗಾದಿ, ಕೌದಿಗಳನ್ನು ಗೋಡೆಗೆ ಒರಗಿಸಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಾಧಾರಣ ಆಡಿಯೋ ಇಂಟರ್‌ಫೇಸ್, ವೇದಿಕೆಯ ಮೇಲೆ ಬಳಸುವಂಥ ಡೈನಮಿಕ್ ಮೈಕ್ ಇಟ್ಟುಕೊಳ್ಳಿ. ಕಂಡೆನ್ಸರ್ ಮೈಕ್ ರಸ್ತೆಯ ಆಟೋ ಸದ್ದನ್ನೂ ಹಿಡಿಯುತ್ತದೆ. ಸದ್ದುಗಳನ್ನು ಹದವಾಗಿ ಬೆರೆಸಿ ಕೊನೆಯ ಪ್ರತಿ ತಯಾರಿಸುವ ಮಿಕ್ಸಿಂಗ್, ಮಾಸ್ಟರಿಂಗ್‌ಗೆ ಮಾತ್ರ ಬಲ್ಲವರಿಗೆ ಹಣ ಕೊಡಿ. ಜೊತೆಗೆ ನುಡಿಸಿದವರಿಗೂ ಆ ದಿನವೇ ಸಂಭಾವನೆ ಕೊಟ್ಟು, ಯಾರ ಪಾಲು ಏನೆಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗೆಳೆತನದಲ್ಲಿ ಇದನ್ನು ಹೇಗೆ ಕೇಳುವುದು ಎಂದು ಸಂಕೋಚಪಟ್ಟು ಆಮೇಲೆ ಮಾತೇ ಬಿಟ್ಟ ಗೆಳೆಯರು ನನಗೆ ಗೊತ್ತು.

ಇನ್ನು ಅನ್ನ ಹಾಕುವುದು ವೇದಿಕೆ. 40 ಸಾವಿರ ವೀಕ್ಷಣೆಗಿಂತ ನಿಮ್ಮ ಹಾಡು ಕೇಳಲು ಮನೆಬಿಟ್ಟು ಬರುವ ಇನ್ನೂರು ಜನರ ಫೋನ್ ನಂಬರ್ ನನಗೆ ದೊಡ್ಡದಾಗಿ ಕಾಣುತ್ತದೆ. ಮುಂದಿನ ತಿಂಗಳು ಯಾರದ್ದಾದರೂ ಮನೆಯ ಪಡಸಾಲೆಯಲ್ಲಿ ಮೂವತ್ತು ಜನರನ್ನು ಕೂಡಿಸಿ ಒಂದು ಗಂಟೆ ಹಾಡಿ. ಮೈಕ್ ಬೇಡ. ಬಂದವರ ನಂಬರ್ ಬರೆದುಕೊಂಡು, ಮುಂದಿನ ಹಾಡು ಬಂದಾಗ ಒಬ್ಬೊಬ್ಬರಿಗೂ ಹೆಸರು ಹಿಡಿದು ಸಂದೇಶ ಕಳಿಸಿ. ಧಾರವಾಡ ಆಕಾಶವಾಣಿಯಲ್ಲಿ ಸುಗಮ ಸಂಗೀತದ ಧ್ವನಿ ಪರೀಕ್ಷೆ ನಡೆದಾಗ ಅರ್ಜಿ ಹಾಕಿ. ಅಲ್ಲಿನ ಗ್ರೇಡಿಗೆ ಸಂಘಟಕರು ಇವತ್ತಿಗೂ ಬೆಲೆ ಕೊಡುತ್ತಾರೆ. ನವೆಂಬರ್ ನಮಗೆಲ್ಲ ಸುಗ್ಗಿ ಇದ್ದ ಹಾಗೆ: ಕಂಪನಿಗಳು, ಬೆಂಗಳೂರಿನ ಅಪಾರ್ಟ್‌ಮೆಂಟುಗಳು, ಕಾಲೇಜುಗಳು ಎಲ್ಲರಿಗೂ ರಾಜ್ಯೋತ್ಸವಕ್ಕೆ ಕನ್ನಡ ಹಾಡುಗಾರರು ಬೇಕು. ಆಗಸ್ಟ್‌ನಲ್ಲೇ ಅವರಿಗೆ ವಿಡಿಯೋ ಕಳಿಸಿ. ಅರ್ಧ ಹಣ ಮುಂಗಡ ಬಾರದೆ ಊರು ಬಿಡಬೇಡಿ. ಪ್ರಯಾಣ, ಊಟ, ವಸತಿ ಸಂಭಾವನೆಯಿಂದ ಬೇರೆ. ಹೆಣ್ಣುಮಗಳಾಗಿ ರಾತ್ರಿ ಕಾರ್ಯಕ್ರಮ ಮುಗಿಸಿ ಬರುವಾಗ ವಾಹನ ಯಾರು ಕೊಡುತ್ತಾರೆ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಕೇಳಿ. ಇದನ್ನು ಕೇಳಿದ್ದಕ್ಕೆ ಮುನಿಸಿಕೊಳ್ಳುವ ಸಂಘಟಕರ ಬಳಿ ಹಾಡುವುದೇ ಬೇಡ. ಸಂಭಾವನೆಯಲ್ಲಿ ಶೇ 10 ಟಿಡಿಎಸ್ ಹಿಡಿದರೆ ಪ್ರಮಾಣಪತ್ರ ಪಡೆಯಿರಿ, ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸ್ ತೆಗೆದುಕೊಳ್ಳಬಹುದು.

ನೌಕರಿ? ಈಗ ಬಿಡಬೇಡಿ. ಅಪ್ಪನ ಮಾತು ಸರಿ ಎಂದು ನಾನು ಹೇಳಿದರೆ ನಿಮಗೆ ನೋವಾಗಬಹುದು, ಆದರೂ ಹೇಳುತ್ತೇನೆ. ಸಂಬಳ ಬರುತ್ತಿರುವುದರಿಂದಲೇ ನೀವು ಈ ಕಂಪನಿಗೆ ‘ಲಾವಣಿ ಮಾತ್ರ’ ಎನ್ನಬಲ್ಲಿರಿ. ಬಾಡಿಗೆ ಕಟ್ಟಲು ದುಡ್ಡಿಲ್ಲದ ತಿಂಗಳಲ್ಲಿ ನಾನು ಆ ನಾಲ್ಕು ಪುಟಕ್ಕೆ ಸಹಿ ಹಾಕಿದ್ದು. ಒಂದು ಹಳೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ಹಾಡಿನಿಂದ ಬಂದದ್ದು, ಹಾಡಿಗೆ ಹೋದದ್ದು ಎರಡನ್ನೂ ಇವತ್ತಿನಿಂದ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ಕಾರ್ಯಕ್ರಮ ಕಡಿಮೆ. ಎರಡು ಮಳೆಗಾಲದ ಲೆಕ್ಕವೂ ನಿಮ್ಮ ಮನೆ ಖರ್ಚನ್ನು ಹೊತ್ತಿದ್ದರೆ, ಜೊತೆಗೆ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿದ್ದರೆ, ಆಗ ಪುಸ್ತಕವನ್ನು ಅಪ್ಪನ ಮುಂದೆ ಇಟ್ಟು ಮಾತಾಡಿ. ಅಲ್ಲಿಯವರೆಗೆ ವಾರಕ್ಕೆ ಎರಡು ಬೆಳಗ್ಗೆ, ಒಂದು ಭಾನುವಾರ ಹಾಡಿಗೆ ಮೀಸಲಿಡಿ. ಆ ಹೊತ್ತಿಗೆ ಮದುವೆ, ಸೀಮಂತ ಯಾವುದೂ ಅಡ್ಡ ಬರದ ಹಾಗೆ ನೋಡಿಕೊಳ್ಳುವುದು ನೌಕರಿ ಬಿಡುವುದಕ್ಕಿಂತ ಕಷ್ಟ, ಮನೆಯವರಿಗೆ ಮೊದಲೇ ಹೇಳಿಡಿ.

ಕಂಪನಿಯವರಿಗೆ ನಾಳೆ ಒಂದೇ ಮೇಲ್ ಬರೆಯಿರಿ: ಕರಾರಿನ ಕರಡು ಕಳಿಸಿ, ವಕೀಲರಿಗೆ ತೋರಿಸಿ ಎರಡು ವಾರದಲ್ಲಿ ಉತ್ತರಿಸುತ್ತೇನೆ. ಕರಡು ಬಂದರೆ ನನಗೂ ಒಂದು ಪ್ರತಿ ಕಳಿಸಿ, ಓದಿ ಗುರುತು ಹಾಕಿಕೊಡುತ್ತೇನೆ. ‘ಅಷ್ಟು ದಿನ ಕಾಯಲು ಆಗುವುದಿಲ್ಲ’ ಎಂದು ಬಂದರೆ ಅವರು ಕಾಯುವುದು ಬೇಡ. ಮತ್ತೆ ಇನ್ನೊಂದು, ಯೂಟ್ಯೂಬ್‌ಗೆ ಹೋಗದ ಉಳಿದ ಹನ್ನೊಂದು ಹಾಡುಗಳನ್ನು ಇವತ್ತು ರಾತ್ರಿಯೇ ಫೋನಿನಲ್ಲಿ ಹಾಡಿ, ತಾರೀಖು ಹೇಳಿ, ಸಾಹಿತ್ಯದ ಜೊತೆ ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ.